ಬ್ರಾಯ್ಲರ್ ಫೀಡ್‌ನಲ್ಲಿ ಆಂಟಿಬಯೋಟಿಕ್ ಬಿಟ್ಟು ಪ್ರೊಬಯಾಟಿಕ್ ಬಳಸುವುದು ಹೇಗೆ

ಬ್ರಾಯ್ಲರ್ ಫೀಡ್‌ಗೆ ದಿನವೂ ಅಲ್ಪ ಪ್ರಮಾಣದಲ್ಲಿ ಬೆರೆಸುವ ಆಂಟಿಬಯೋಟಿಕ್ ಮುಖ್ಯವಾಗಿ ಎರಡು ಕೆಲಸ ಮಾಡುತ್ತದೆ. ಸಣ್ಣಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನಂಥ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆಯದಂತೆ ತಡೆಯುತ್ತದೆ. ಕೋಳಿ ತಿಂದದ್ದರಲ್ಲಿ ಪಾಲು ಕಸಿಯುವ, ಪಿತ್ತರಸವನ್ನು ಒಡೆದು ಕೊಬ್ಬು ಜೀರ್ಣವಾಗದಂತೆ ಮಾಡುವ ಸೂಕ್ಷ್ಮಾಣುಗಳ ಸಂಖ್ಯೆಯನ್ನೂ ಇಳಿಸುತ್ತದೆ. ಇದಕ್ಕೆ ತೆರುವ ಬೆಲೆ ದೊಡ್ಡದು. ಸಾಯದೆ ಉಳಿದ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದ ಗುಣ ಪಡೆದು ಮನುಷ್ಯರವರೆಗೂ ಬರುತ್ತವೆ. ಕೋಳಿಗೆ ಕೊಡುತ್ತಿದ್ದ ಅವೊಪಾರ್ಸಿನ್‌ನಿಂದ ಮನುಷ್ಯರಿಗೆ ಬಳಸುವ ವ್ಯಾಂಕೊಮೈಸಿನ್‌ಗೂ ಪ್ರತಿರೋಧ ಬೆಳೆಯುತ್ತದೆಂದು ಗೊತ್ತಾದ ಮೇಲೆ ಯುರೋಪಿಯನ್ ಒಕ್ಕೂಟ 1997ರಲ್ಲಿ ಅದನ್ನು ನಿಲ್ಲಿಸಿತು. ಬೆಳವಣಿಗೆಗೆಂದು ಕೊಡುವ ಎಲ್ಲ ಆಂಟಿಬಯೋಟಿಕ್‌ಗಳನ್ನೂ 2006ರ ಜನವರಿ 1ರಿಂದ ನಿಷೇಧಿಸಿತು.

ಆ ಜಾಗಕ್ಕೆ ಪ್ರೊಬಯಾಟಿಕ್ ತರುವಾಗ ಒಂದು ವಿಷಯ ಸ್ಪಷ್ಟವಿರಲಿ: ಇದು ಔಷಧವಲ್ಲ, ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಾಣು. ಆಂಟಿಬಯೋಟಿಕ್ ಪುಡಿ ಮಿಕ್ಸರ್‌ನ ಬಿಸಿ, ಕ್ಲೋರಿನ್ ನೀರು, ಗೋದಾಮಿನ ಸೆಖೆ ಎಲ್ಲವನ್ನೂ ಬಹುಪಾಲು ತಡೆದುಕೊಳ್ಳುತ್ತಿತ್ತು. ಪ್ರೊಬಯಾಟಿಕ್ ಹಾಗಲ್ಲ. "ಹಾಕಿ ನೋಡಿದೆವು, ಏನೂ ಆಗಲಿಲ್ಲ" ಎಂಬ ದೂರುಗಳನ್ನು ಬೆನ್ನಟ್ಟಿದರೆ, ಸೂಕ್ಷ್ಮಾಣುಗಳು ಕರುಳಿಗೆ ಮುಟ್ಟುವ ಮೊದಲೇ ಸತ್ತಿರುವುದು ಎಷ್ಟೋ ಸಲ ಕಾಣುತ್ತದೆ. ಆದ್ದರಿಂದ ಇಲ್ಲಿನ ಪ್ರತಿ ಹಂತದಲ್ಲೂ ಕೇಳಬೇಕಾದ ಪ್ರಶ್ನೆ, ಎಷ್ಟು ಜೀವಕೋಶ ಕೊಕ್ಕಿನವರೆಗೆ ಜೀವಂತ ಬಂದವು ಎಂಬುದು.

ಯಾವ ತಳಿ?

ಫೀಡ್‌ಗೆ ಸಿಗುವ ಪ್ರೊಬಯಾಟಿಕ್‌ಗಳನ್ನು ಬಳಕೆಯ ದೃಷ್ಟಿಯಿಂದ ಮೂರು ಗುಂಪು ಮಾಡಬಹುದು.

ಬ್ಯಾಸಿಲಸ್ ಗುಂಪಿನಲ್ಲಿ ಬ್ಯಾಸಿಲಸ್ ಸಬ್ಟಿಲಿಸ್, ಲೈಕೆನಿಫಾರ್ಮಿಸ್, ಅಮೈಲೊಲಿಕ್ವಿಫೇಸಿಯನ್ಸ್ ಇತ್ಯಾದಿ ಬರುತ್ತವೆ. ಇವು ಸ್ಪೋರ್ ರೂಪದಲ್ಲಿರುತ್ತವೆ. ಗಟ್ಟಿ ಕವಚದೊಳಗೆ ನಿದ್ರಿಸುತ್ತಿದ್ದು ಕರುಳಿಗೆ ಬಂದಾಗ ಮೊಳೆಯುತ್ತವೆ. ಬಿಸಿ, ಒಣಹವೆ, ಹೊಟ್ಟೆಯ ಆಮ್ಲ ಎಲ್ಲಕ್ಕೂ ತಾಳಿಕೆ ಹೆಚ್ಚು. ಕಿಣ್ವ ಮತ್ತು ಕ್ಲಾಸ್ಟ್ರಿಡಿಯಂ ವಿರೋಧಿ ವಸ್ತುಗಳನ್ನು ಸ್ರವಿಸುವ ತಳಿಗಳಿವೆ. ಆದರೆ ಇವು ಕರುಳಿನಲ್ಲಿ ಶಾಶ್ವತವಾಗಿ ನೆಲೆಸುವುದಿಲ್ಲ, ಆದ್ದರಿಂದ ಮೊದಲ ದಿನದಿಂದ ಮಾರಾಟದವರೆಗೆ ಬಿಡದೆ ಕೊಡಬೇಕು.

ಲ್ಯಾಕ್ಟಿಕ್ ಆಮ್ಲ ಮಾಡುವ ಗುಂಪಿನಲ್ಲಿ ಲ್ಯಾಕ್ಟೊಬ್ಯಾಸಿಲಸ್, ಪೀಡಿಯೊಕಾಕಸ್ ಆಸಿಡಿಲ್ಯಾಕ್ಟಿಸಿ, ಎಂಟೆರೊಕಾಕಸ್ ಫೀಸಿಯಂ ಇವೆ. ಹೊಸದಾಗಿ ಬಂದ ಮರಿಯ ಕರುಳಿನಲ್ಲಿ ಜಾಗ ಹಿಡಿಯುವುದು, ಆಮ್ಲ ಉತ್ಪತ್ತಿ ಮಾಡಿ ಕೆಟ್ಟ ಸೂಕ್ಷ್ಮಾಣುಗಳಿಗೆ ವಾತಾವರಣ ಒಗ್ಗದಂತೆ ಮಾಡುವುದು ಇವುಗಳ ಬಲ. ಬಿಸಿಗೆ ಮಾತ್ರ ಬಹಳ ಸೂಕ್ಷ್ಮ. ಮೂರನೆಯದು ಯೀಸ್ಟ್. ಬ್ರಾಯ್ಲರ್‌ನಲ್ಲಿ ಅದು ಸಾಮಾನ್ಯವಾಗಿ ಪೂರಕ ಪಾತ್ರಕ್ಕೇ ಸರಿ.

ಪೆಲೆಟ್ ಫೀಡ್ (ಬಿಸಿಮಾಡಿ ಒತ್ತಿದ ಗುಳಿಗೆ) ಬಳಸುವವರಿಗೆ ಬ್ಯಾಸಿಲಸ್ ಸ್ಪೋರ್ ಬುನಾದಿ, ಮೊದಲ ವಾರ ನೀರಿನಲ್ಲಿ ಅಥವಾ ಹ್ಯಾಚರಿಯ ಸ್ಪ್ರೇಯಲ್ಲಿ ಲ್ಯಾಕ್ಟಿಕ್ ಗುಂಪು: ಈ ಜೋಡಿಯೇ ಪ್ರಾಯೋಗಿಕವಾಗಿ ಗಟ್ಟಿ. ಮ್ಯಾಶ್ ಫೀಡ್ (ಒತ್ತದ ಪುಡಿ) ಕೊಡುವವರಿಗೆ ಆಯ್ಕೆ ಹೆಚ್ಚು.

ಲೇಬಲ್‌ನಲ್ಲಿ ಪ್ರಭೇದದ ಹೆಸರಷ್ಟೇ ಇದ್ದರೆ ಸಾಲದು. "ಬ್ಯಾಸಿಲಸ್ ಸಬ್ಟಿಲಿಸ್" ಎಂಬ ಒಂದೇ ಹೆಸರಿನಡಿ ಕೆಲಸಕ್ಕೆ ಬರುವ ತಳಿಯೂ ಇದೆ, ಏನೂ ಮಾಡದ ತಳಿಯೂ ಇದೆ. ಹೆಸರಿನ ಮುಂದೆ ಸೂಕ್ಷ್ಮಾಣು ತಳಿ ಸಂಗ್ರಹಾಲಯ ಕೊಟ್ಟ ಗುರುತಿನ ಸಂಖ್ಯೆ ಇರಬೇಕು. ಒಂದು ಗ್ರಾಂನಲ್ಲಿ ಎಷ್ಟು ಸಿಎಫ್‌ಯು, ಅಂದರೆ ಎಷ್ಟು ಬೆಳೆಯಬಲ್ಲ ಜೀವಕೋಶ ಎಂಬ ಲೆಕ್ಕ ತಯಾರಿಕೆಯ ದಿನದ್ದೋ, ಅವಧಿ ಮುಗಿಯುವ ದಿನದ್ದೋ ಎಂದು ಕೇಳಿ. ಎರಡನೆಯದೇ ನಮಗೆ ಬೇಕಾದದ್ದು. ವರ್ಗಾವಣೆಯಾಗುವ ಪ್ರತಿರೋಧ ಜೀನ್‌ಗಳಿಲ್ಲ ಎಂಬ ಪರೀಕ್ಷಾ ವರದಿಯನ್ನು, ಎಂಟೆರೊಕಾಕಸ್ ಇರುವ ಉತ್ಪನ್ನಕ್ಕಂತೂ, ತಪ್ಪದೆ ಕೇಳಿ. ಆಂಟಿಬಯೋಟಿಕ್ ಪ್ರತಿರೋಧ ತಡೆಯಲು ಹೊರಟು ಅದೇ ಜೀನನ್ನು ಚೀಲದಲ್ಲಿ ಕೊಂಡು ತರುವುದಕ್ಕಿಂತ ದೊಡ್ಡ ನಷ್ಟವಿಲ್ಲ.

ಮನೆಯಲ್ಲಿ ಹುದುಗಿಸಿದ ದ್ರವ ಬೇಡ. ಅದರಲ್ಲಿ ಯಾವ ಸೂಕ್ಷ್ಮಾಣು ಎಷ್ಟಿದೆ ಎಂಬುದು ಪ್ರತಿ ಸಲ ಬದಲಾಗುತ್ತದೆ. ದೊಡ್ಡ ಕೋಳಿಯ ಹಿಕ್ಕೆಯನ್ನು ನೀರಿಗೆ ಕದಡಿ ಮರಿಗೆ ಕೊಡುವುದಂತೂ ಅಪಾಯ. ಫಿನ್‌ಲೆಂಡಿನ ನುರ್ಮಿ ಮತ್ತು ರಾಂಟಾಲಾ 1973ರಲ್ಲಿ ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಸೂಕ್ಷ್ಮಾಣುಗಳು ಮರಿಯನ್ನು ಸಾಲ್ಮೊನೆಲ್ಲಾದಿಂದ ಕಾಪಾಡುತ್ತವೆಂದು ತೋರಿಸಿದ್ದು ನಿಜ. ಆದರೆ ಪರೀಕ್ಷೆ ಮಾಡದ ಹಿಕ್ಕೆಯ ಜೊತೆ ಕಾಕ್ಸಿಡಿಯಾ (ರಕ್ತಭೇದಿ ತರುವ ಕರುಳಿನ ಪರಾವಲಂಬಿ), ಸಾಲ್ಮೊನೆಲ್ಲಾ, ವೈರಸ್ ಕೂಡ ಮರಿಗೆ ಹೋಗುತ್ತವೆ.

ಪ್ರಮಾಣದ ಲೆಕ್ಕ

ಹೆಚ್ಚಿನ ಉತ್ಪನ್ನಗಳ ಗುರಿ ಒಂದು ಕಿಲೋ ಫೀಡ್‌ಗೆ 10 ಕೋಟಿಯಿಂದ 100 ಕೋಟಿ ಸಿಎಫ್‌ಯು ನಡುವೆ ಇರುತ್ತದೆ. ಲೇಬಲ್‌ನಲ್ಲಿ ಅದನ್ನು 1 × 10⁸ರಿಂದ 1 × 10⁹ ಎಂದು ಬರೆದಿರುತ್ತಾರೆ. ನಿಮ್ಮ ತಳಿಗೆ ಲೇಬಲ್ ಹೇಳಿದ ಗುರಿಯೇ ಅಂತಿಮ, ಆದರೆ ಗ್ರಾಂ ಲೆಕ್ಕವನ್ನು ನೀವೇ ಮಾಡಿ ನೋಡಿ.

ಗುರಿ ಕಿಲೋಗೆ 100 ಕೋಟಿ ಎಂದಿಟ್ಟುಕೊಳ್ಳಿ. ಒಂದು ಟನ್ ಎಂದರೆ 1000 ಕಿಲೋ, ಆದ್ದರಿಂದ ಟನ್‌ಗೆ ಬೇಕಾದದ್ದು 1 ಲಕ್ಷ ಕೋಟಿ. ಪುಡಿಯ ಒಂದು ಗ್ರಾಂನಲ್ಲಿ 200 ಕೋಟಿ ಇದ್ದರೆ, 1 ಲಕ್ಷ ಕೋಟಿಯನ್ನು 200 ಕೋಟಿಯಿಂದ ಭಾಗಿಸಿದಾಗ 500 ಬರುತ್ತದೆ. ಟನ್‌ಗೆ 500 ಗ್ರಾಂ. ಅದೇ ಪುಡಿಯಲ್ಲಿ ಗ್ರಾಂಗೆ 20 ಕೋಟಿ ಮಾತ್ರ ಇದ್ದರೆ ಟನ್‌ಗೆ 5 ಕಿಲೋ ಬೇಕು. ಚೀಲದ ಬೆಲೆ ಕಡಿಮೆ ಎಂದು ಕೊಳ್ಳುವ ಮೊದಲು ಈ ಒಂದು ಲೆಕ್ಕ ಮಾಡಿದರೆ ಯಾವುದು ಅಗ್ಗ ಎಂಬುದು ತಿಳಿಯುತ್ತದೆ: ಹೋಲಿಸಬೇಕಾದದ್ದು ಕಿಲೋ ಬೆಲೆಯನ್ನಲ್ಲ, ಟನ್ ಫೀಡ್‌ಗೆ ಬೀಳುವ ಖರ್ಚನ್ನು.

ಪ್ರಮಾಣ ದುಪ್ಪಟ್ಟು ಮಾಡಿದರೆ ಫಲವೂ ದುಪ್ಪಟ್ಟಾಗುವುದಿಲ್ಲ. ಅರ್ಧ ಹಾಕಿದರೆ ಮಾತ್ರ ಹಲವು ಸಲ ಫಲವೇ ಕಾಣುವುದಿಲ್ಲ.

ಮಿಕ್ಸರ್‌ನಲ್ಲಿ

1000 ಕಿಲೋದಲ್ಲಿ 500 ಗ್ರಾಂ ಸಮನಾಗಿ ಹರಡುವುದು ಸುಲಭವಲ್ಲ. ನೇರವಾಗಿ ಸುರಿದರೆ ಒಂದು ಚೀಲದಲ್ಲಿ ಹೆಚ್ಚು, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ಹಂತ ಹಂತವಾಗಿ ಮಾಡಿ:

1. 500 ಗ್ರಾಂ ಪುಡಿಯನ್ನು ತೂಗಿ, ಒಣಗಿದ 2 ಕಿಲೋ ಜೋಳದ ನುಚ್ಚು ಹಿಟ್ಟಿನೊಂದಿಗೆ ಕಲಸಿ.
2. ಆ ಮಿಶ್ರಣಕ್ಕೆ ಇನ್ನೂ 8 ಕಿಲೋ ಹಿಟ್ಟು ಸೇರಿಸಿ ಮತ್ತೆ ಕಲಸಿ.
3. ಮಿಕ್ಸರ್‌ನಲ್ಲಿ ಅರ್ಧದಷ್ಟು ಧಾನ್ಯ ಬಿದ್ದ ಮೇಲೆ ಈ 10 ಕಿಲೋ ಚಿಲ್ಲರೆ ಮಿಶ್ರಣವನ್ನು ಹಾಕಿ, ಉಳಿದ ಸಾಮಗ್ರಿ ತುಂಬಿ.
4. ಮೊದಲು ಒಣ ಮಿಶ್ರಣ ಮುಗಿಯಲಿ, ಎಣ್ಣೆ ಆಮೇಲೆ. ಎಣ್ಣೆ ಮೊದಲೇ ಬಿದ್ದರೆ ಪುಡಿ ಉಂಡೆಗಟ್ಟುತ್ತದೆ.

ಪ್ರೊಬಯಾಟಿಕ್ ಪುಡಿಯನ್ನು ಕೋಲಿನ್ ಕ್ಲೋರೈಡ್, ತಾಮ್ರದ ಸಲ್ಫೇಟ್, ಸಾವಯವ ಆಮ್ಲಗಳ ಜೊತೆ, ಫೀಡ್‌ಗೆ ಸೇರಿಸಲು ಮೊದಲೇ ಕಲಸಿಡುವ ಒಂದೇ ಪ್ರೀಮಿಕ್ಸ್‌ನಲ್ಲಿ ಕೂಡಿಸಿ ಇಡಬೇಡಿ. ಕೋಲಿನ್ ಕ್ಲೋರೈಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಆ ತೇವದಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಎಚ್ಚರಗೊಂಡು, ಆಹಾರ ಸಿಗದೆ ಸಾಯುತ್ತವೆ. ಪೂರ್ಣ ಫೀಡ್‌ನಲ್ಲಿ ಇವೆಲ್ಲ ತೆಳುವಾಗಿ ಹರಡುವುದರಿಂದ ಅಷ್ಟು ತೊಂದರೆಯಿಲ್ಲ. ಕಲಸುವವರು ಮಾಸ್ಕ್ ಹಾಕಿಕೊಳ್ಳಲೇಬೇಕು, ಈ ಪುಡಿಯ ಧೂಳು ಉಸಿರಾಟದ ಅಲರ್ಜಿ ತರಬಲ್ಲದು.

ಪೆಲೆಟ್ ಮಾಡುವಾಗ ಹಬೆಯಿಂದ ಬಿಸಿಮಾಡುವ ಕಂಡಿಷನರ್‌ನಲ್ಲಿ ಸಾಮಾನ್ಯವಾಗಿ 75ರಿಂದ 85 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಡೈ ಎಂಬ ತೂತಿನ ಅಚ್ಚು ದಾಟುವಾಗ ಇನ್ನೂ ಏರುತ್ತದೆ. ಒಳ್ಳೆಯ ಬ್ಯಾಸಿಲಸ್ ಸ್ಪೋರ್ ಇದನ್ನು ದಾಟಿಬರುತ್ತದೆ. ರಕ್ಷಣೆಯ ಲೇಪನವಿಲ್ಲದ ಲ್ಯಾಕ್ಟೊಬ್ಯಾಸಿಲಸ್ ಮತ್ತು ಯೀಸ್ಟ್ ಬಹುಪಾಲು ಸಾಯುತ್ತವೆ. ಅವನ್ನೇ ಬಳಸಬೇಕೆಂದಿದ್ದರೆ ಪೆಲೆಟ್ ತಣ್ಣಗಾದ ಮೇಲೆ ದ್ರವರೂಪದಲ್ಲಿ ಸಿಂಪಡಿಸಬೇಕು, ಇಲ್ಲವೇ ನೀರಿನಲ್ಲಿ ಕೊಡಬೇಕು. ಸ್ಪೋರ್ ಆದರೂ ಮಾರುವವರ ಮಾತಷ್ಟನ್ನೇ ನಂಬಬೇಡಿ. ಕಂಡಿಷನರ್‌ಗೆ ಮೊದಲಿನ ಮ್ಯಾಶ್ ಮತ್ತು ತಣ್ಣಗಾದ ಪೆಲೆಟ್, ಎರಡರ ಮಾದರಿಯನ್ನೂ ಲ್ಯಾಬ್‌ಗೆ ಕಳಿಸಿ ಎಣಿಸಿ. ನಿಮ್ಮ ಗಿರಣಿಯಲ್ಲಿ ಅರ್ಧ ಸಾಯುತ್ತಿದ್ದರೆ ಟನ್‌ಗೆ 500 ಗ್ರಾಂ ಬದಲು 1 ಕಿಲೋ ಹಾಕಬೇಕಾಗುತ್ತದೆ, ಅಥವಾ ಬಿಸಿ ಇಳಿಸಬೇಕು, ಅಥವಾ ತಳಿ ಬದಲಿಸಬೇಕು.

ನೀರಿನಲ್ಲಿ ಕೊಡುವಾಗ

ಮರಿ ಫೀಡ್ ತಿನ್ನುವುದು ಕಡಿಮೆ ಇರುವ ಮೊದಲ ಮೂರು ದಿನ, ಲಸಿಕೆ ಹಾಕಿದ ನಂತರ, ಚಿಕಿತ್ಸೆಯ ಆಂಟಿಬಯೋಟಿಕ್ ಮುಗಿದ ಮೇಲೆ, ಬೇಸಿಗೆಯ ಬಿಸಿಗೆ ಫೀಡ್ ಬಿಟ್ಟು ನೀರನ್ನೇ ಹೆಚ್ಚು ಕುಡಿಯುವ ದಿನಗಳಲ್ಲಿ ನೀರಿನ ದಾರಿ ಒಳ್ಳೆಯದು.

ಇಲ್ಲಿ ಶತ್ರು ಕ್ಲೋರಿನ್. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಕೊಡುವುದಿದ್ದರೆ ಕನಿಷ್ಠ ಒಂದು ದಿನ ಮೊದಲೇ ಕ್ಲೋರಿನ್, ಪೆರಾಕ್ಸೈಡ್, ಆಮ್ಲ ಎಲ್ಲವನ್ನೂ ನಿಲ್ಲಿಸಿ, ಪೈಪ್‌ಗಳನ್ನು ಸ್ವಚ್ಛ ನೀರಿನಿಂದ ತೊಳೆಯಿರಿ. ಬರುವ ನೀರಿನಲ್ಲೇ ಕ್ಲೋರಿನ್ ಇದ್ದರೆ, ಲಸಿಕೆಗೆ ಮಾಡುವಂತೆಯೇ ಲೀಟರ್‌ಗೆ 2.5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕರಗಿಸಿ 20ರಿಂದ 30 ನಿಮಿಷ ಬಿಡಿ, ಆಮೇಲೆ ಪ್ರೊಬಯಾಟಿಕ್ ಹಾಕಿ. ಮುಗಿದ ತಕ್ಷಣ ಪೈಪ್ ತೊಳೆಯದಿದ್ದರೆ ಹಾಲಿನ ಪುಡಿ ಕೋಳಿ ಕುಡಿಯುವ ನಿಪ್ಪಲ್‌ನಲ್ಲಿ ಕಟ್ಟಿಕೊಳ್ಳುತ್ತದೆ, ಒಳಗೆ ಲೋಳೆಪದರವೂ ಬೆಳೆಯುತ್ತದೆ.

ಎಷ್ಟು ನೀರಿನಲ್ಲಿ ಕಲಸಬೇಕು? ಹಿಂದಿನ ದಿನ ಅದೇ ಹೊತ್ತಿನ ನಾಲ್ಕು ಗಂಟೆಯಲ್ಲಿ ಶೆಡ್‌ಗೆ ಎಷ್ಟು ಲೀಟರ್ ಹೋಯಿತೆಂದು ಮೀಟರ್ ನೋಡಿ, ಅಷ್ಟರಲ್ಲೇ ಕಲಸಿ. ಮೀಟರ್ ಇಲ್ಲದಿದ್ದರೆ ಕೋಳಿ ಸಾಧಾರಣ ಹವೆಯಲ್ಲಿ ತಿಂದ ಫೀಡ್‌ನ ಸುಮಾರು 1.8 ಪಟ್ಟು ನೀರು ಕುಡಿಯುತ್ತದೆಂಬ ಲೆಕ್ಕ ಹಿಡಿಯಿರಿ. ಏಳನೆಯ ದಿನ 1000 ಮರಿಗೆ ಇಡೀ ದಿನಕ್ಕೆ 60 ಲೀಟರ್ ಆಸುಪಾಸು. ಬೆಳಿಗ್ಗೆ ಕಲಸಿದ್ದನ್ನು ರಾತ್ರಿವರೆಗೆ ಬಿಸಿ ಟ್ಯಾಂಕಿನಲ್ಲಿ ಬಿಟ್ಟರೆ ಏನು ಉಳಿಯುತ್ತದೆ, ಏನು ಬೆಳೆಯುತ್ತದೆ ಎಂದು ಹೇಳಲಾಗದು.

ಪೈಪಿನ ನೀರಿಗೆ ಅಳತೆಯಲ್ಲಿ ದ್ರಾವಣ ಬೆರೆಸುವ ಡೋಸಿಂಗ್ ಪಂಪ್ ಇದ್ದವರು ಇನ್ನೊಂದು ಎಚ್ಚರ ವಹಿಸಬೇಕು. ಕುಡಿಯುವ ನೀರಿನಲ್ಲಿ ಹಗುರವಾಗಿರುವ ಆಮ್ಲ ಪಂಪಿನ ಬಕೆಟ್‌ನಲ್ಲಿ ಅದರ ಹತ್ತಾರು ಪಟ್ಟು ಗಾಢವಾಗಿರುತ್ತದೆ. ಆ ಬಕೆಟ್‌ಗೆ ಪ್ರೊಬಯಾಟಿಕ್ ಸುರಿದರೆ ಪೈಪ್ ಸೇರುವ ಮೊದಲೇ ಅದರ ಕಥೆ ಮುಗಿಯುತ್ತದೆ.

ಮೊದಲ ದಿನಗಳು

ಮೊಟ್ಟೆಯೊಡೆದು ಬಂದ ಮರಿಯ ಕರುಳಿನಲ್ಲಿ ಸೂಕ್ಷ್ಮಾಣುಗಳು ತೀರ ಕಡಿಮೆ. ಹ್ಯಾಚರಿಯ ಧೂಳು, ಸಾಗಾಟದ ಪೆಟ್ಟಿಗೆ, ಲಿಟರ್ ಎಂಬ ನೆಲದ ಹಾಸು, ಮೊದಲ ಗುಟುಕು ನೀರು, ಇವುಗಳಿಂದ ಏನು ಬಂತೋ ಅದೇ ಮೊದಲು ನೆಲೆಯೂರುತ್ತದೆ. ಒಳ್ಳೆಯವು ಮೊದಲು ಬಂದರೆ ಗೋಡೆಯ ಜಾಗ, ಆಹಾರ ಎರಡನ್ನೂ ಹಿಡಿದುಕೊಳ್ಳುತ್ತವೆ. 20ನೆಯ ದಿನ ಹಿಕ್ಕೆ ಸಡಿಲವಾಯಿತೆಂದು ಪ್ರೊಬಯಾಟಿಕ್ ಶುರು ಮಾಡಿದವರಿಗೆ ನಿರಾಸೆಯಾಗುವುದು ಈ ಕಾರಣಕ್ಕೇ. ಅಷ್ಟರಲ್ಲಿ ಕರುಳು ಬೇರೆಯವರ ಸ್ವಾಧೀನವಾಗಿರುತ್ತದೆ.

ಮರಿ ತಿನ್ನದೆ ಕುಳಿತರೆ ಫೀಡ್‌ನೊಳಗಿನ ಸೂಕ್ಷ್ಮಾಣುವೂ ಒಳಗೆ ಹೋಗುವುದಿಲ್ಲ. ಹಾಗಾಗಿ ಬ್ರೂಡಿಂಗ್, ಅಂದರೆ ಮೊದಲ ದಿನಗಳಲ್ಲಿ ಮರಿಯನ್ನು ಬೆಚ್ಚಗಿಟ್ಟು ಸಾಕುವುದು ಕೂಡ ಪ್ರೊಬಯಾಟಿಕ್ ಕೊಡುವ ಕೆಲಸದ ಭಾಗವೇ. ಮರಿ ಬಿಡುವ ಮೊದಲೇ ಲಿಟರ್ 28ರಿಂದ 30 ಡಿಗ್ರಿ ಬೆಚ್ಚಗಿರಲಿ. ಬಿಟ್ಟ ಎರಡು ಗಂಟೆಗೆ ನೂರು ಮರಿಯ ಕುತ್ತಿಗೆ ಬುಡದ ಆಹಾರಚೀಲ ಮುಟ್ಟಿ ನೋಡಿ: 75ರಷ್ಟರಲ್ಲಿ ಫೀಡ್ ಇರಬೇಕು. 24 ಗಂಟೆಗೆ 95ಕ್ಕಿಂತ ಹೆಚ್ಚು. ಇಲ್ಲದಿದ್ದರೆ ಮೊದಲು ಬಿಸಿ, ಬೆಳಕು, ನೀರಿನ ಎತ್ತರ ಸರಿಮಾಡಿ.

ರಕ್ತಭೇದಿ ಮತ್ತು ಕರುಳುಕೊಳೆ

ಆಂಟಿಬಯೋಟಿಕ್ ಬಿಟ್ಟವರನ್ನು ಬಹಳ ಸಲ ಸೋಲಿಸುವ ರೋಗ ನೆಕ್ರೋಟಿಕ್ ಎಂಟೆರೈಟಿಸ್, ಕರುಳಿನ ಒಳಪದರ ಕೊಳೆಯುವ ಕಾಯಿಲೆ. ಸಾಮಾನ್ಯವಾಗಿ ಎರಡರಿಂದ ಐದು ವಾರದ ನಡುವೆ ಬರುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಹೆಚ್ಚೂಕಡಿಮೆ ಎಲ್ಲ ಶೆಡ್‌ಗಳಲ್ಲೂ ಇರುತ್ತದೆ, ಆದರೆ ತಾನೇ ತಾನಾಗಿ ರೋಗ ತರುವುದು ಅಪರೂಪ. ಕಾಕ್ಸಿಡಿಯಾ ಕರುಳಿನ ಗೋಡೆಯನ್ನು ಗಾಯಗೊಳಿಸಿದಾಗ ರಕ್ತದ ಪ್ರೋಟೀನ್ ಸೋರುತ್ತದೆ, ಲೋಳೆ ಹೆಚ್ಚುತ್ತದೆ. ಅದನ್ನು ತಿಂದು ಕ್ಲಾಸ್ಟ್ರಿಡಿಯಂ ದಿಢೀರನೆ ಬೆಳೆದು ವಿಷ ಬಿಡುತ್ತದೆ. ಹೀಗಾಗಿ ಕಾಕ್ಸಿಡಿಯಾ ಹತೋಟಿಯಿಲ್ಲದ ಶೆಡ್‌ನಲ್ಲಿ ಪ್ರೊಬಯಾಟಿಕ್‌ನಿಂದ ಪವಾಡ ನಿರೀಕ್ಷಿಸುವುದು ವ್ಯರ್ಥ.

ಕಾಕ್ಸಿಡಿಯಾ ತಡೆಗೆ ಬಳಸುವ ಸಲಿನೊಮೈಸಿನ್, ಮೊನೆನ್ಸಿನ್, ನರಾಸಿನ್ ಮುಂತಾದ ಅಯೊನೊಫೋರ್‌ಗಳು ಕ್ಲಾಸ್ಟ್ರಿಡಿಯಂ ಅನ್ನೂ ಅದುಮುತ್ತವೆ. ನಿಕಾರ್ಬಜಿನ್, ಡೈಕ್ಲಾಜುರಿಲ್‌ನಂಥ ರಾಸಾಯನಿಕಗಳಿಗೆ ಆ ಗುಣವಿಲ್ಲ. ಆಂಟಿಬಯೋಟಿಕ್ ಮತ್ತು ಅಯೊನೊಫೋರ್ ಎರಡನ್ನೂ ಒಂದೇ ಬ್ಯಾಚ್‌ನಲ್ಲಿ ಬಿಟ್ಟರೆ ಕ್ಲಾಸ್ಟ್ರಿಡಿಯಂಗಿದ್ದ ಎರಡೂ ತಡೆಗೋಡೆ ಒಟ್ಟಿಗೇ ಬೀಳುತ್ತವೆ. ಮೊದಲು ಬೆಳವಣಿಗೆಯ ಆಂಟಿಬಯೋಟಿಕ್ ಮಾತ್ರ ತೆಗೆಯಿರಿ. ಕೆಲವು ಬ್ಯಾಚ್ ಸ್ಥಿರವಾಗಿ ಬಂದ ಮೇಲೆ, ಬೇಕಿದ್ದರೆ, ಕಾಕ್ಸಿಡಿಯಾ ಲಸಿಕೆಯತ್ತ ಹೋಗಿ. ಲಸಿಕೆ ಹಾಕಿದ ಬ್ಯಾಚ್‌ನಲ್ಲಿ 14ರಿಂದ 21ನೆಯ ದಿನದ ಹೊತ್ತಿಗೆ ಲಸಿಕೆಯ ಕಾಕ್ಸಿಡಿಯಾ ಕರುಳಲ್ಲಿ ಸುತ್ತು ಹಾಕುತ್ತಿರುತ್ತದೆ. ಆ ವಾರಕ್ಕೆ ಮೊದಲೇ ಬ್ಯಾಸಿಲಸ್ ಕರುಳಿನಲ್ಲಿ ಕೆಲಸ ಶುರುಮಾಡಿರಬೇಕು. ಅಯೊನೊಫೋರ್ ಇಟ್ಟುಕೊಳ್ಳುವವರು ತಮ್ಮ ಪ್ರೊಬಯಾಟಿಕ್ ತಳಿ ಅದರೊಂದಿಗೆ ಹೊಂದುತ್ತದೆಯೇ ಎಂದು ಲಿಖಿತವಾಗಿ ಕೇಳಬೇಕು. ಹೊಂದುವುದೂ ಹೊಂದದಿರುವುದೂ ತಳಿಯಿಂದ ತಳಿಗೆ ಬೇರೆ.

21ನೆಯ ದಿನದ ಸುಮಾರಿಗೆ ಐದು ಕೋಳಿಯನ್ನು ಆರಿಸಿ ಪಶುವೈದ್ಯರಿಂದ ಕರುಳು ಬಿಡಿಸಿ ನೋಡಿಸಿ. ಆರೋಗ್ಯದ ಕರುಳು ಕತ್ತರಿಸಿದರೆ ಅಂಚು ತಾನಾಗಿ ಹೊರಕ್ಕೆ ಮಡಚಿಕೊಳ್ಳುವಷ್ಟು ಬಿಗಿ ಇರುತ್ತದೆ. ತೆಳ್ಳಗಾಗಿ ಒಳಗಿನದು ಕಾಣುವಂತಿದ್ದರೆ, ಗಾಳಿ ತುಂಬಿ ಉಬ್ಬಿದ್ದರೆ, ಕಿತ್ತಳೆ ಬಣ್ಣದ ಲೋಳೆ, ಜೀರ್ಣವಾಗದ ಫೀಡ್ ಕಂಡರೆ ತೊಂದರೆ ಶುರುವಾಗಿದೆ. ಒಳಪದರದ ಮೇಲೆ ಒರಟು ಟವೆಲ್‌ನಂಥ ಕಂದು ಪೊರೆ ಇದ್ದರೆ ಅದು ರೋಗವೇ. ಆಗ ಪ್ರೊಬಯಾಟಿಕ್ ಹೆಚ್ಚಿಸುತ್ತ ಕೂರಬೇಡಿ. ವೈದ್ಯರು ಹೇಳಿದ ಔಷಧವನ್ನು ಪೂರ್ತಿ ಅವಧಿ ಕೊಡಿ, ಮಾರಾಟಕ್ಕೆ ಮೊದಲು ಬಿಡಬೇಕಾದ ದಿನಗಳನ್ನು ತಪ್ಪದೆ ಬಿಡಿ. ನರಳುವ ಕೋಳಿಗೆ ಚಿಕಿತ್ಸೆ ನಿರಾಕರಿಸುವುದು ಆಂಟಿಬಯೋಟಿಕ್ ಕಡಿಮೆ ಮಾಡುವ ದಾರಿಯಲ್ಲ. ಚಿಕಿತ್ಸೆ ಮುಗಿದ ಮರುದಿನದಿಂದ 3ರಿಂದ 5 ದಿನ ನೀರಿನಲ್ಲಿ ಪ್ರೊಬಯಾಟಿಕ್ ಕೊಟ್ಟು ಕರುಳನ್ನು ಮತ್ತೆ ತುಂಬಿಸಿ.

ಫೀಡ್ ಸೂತ್ರ, ಲಿಟರ್

ಸಣ್ಣಕರುಳಿನಲ್ಲಿ ಜೀರ್ಣವಾಗದೆ ಕೆಳಗೆ ಇಳಿದ ಪ್ರೋಟೀನ್ ಕ್ಲಾಸ್ಟ್ರಿಡಿಯಂಗೆ ಹಬ್ಬದೂಟ. ಲೈಸಿನ್, ಮಿಥಿಯೋನಿನ್, ಥ್ರಿಯೋನಿನ್, ಬೇಕಿದ್ದರೆ ವ್ಯಾಲಿನ್ ಎಂಬ ಅಮೈನೊ ಆಮ್ಲಗಳನ್ನು ಸೇರಿಸಿ ಕಚ್ಚಾ ಪ್ರೋಟೀನನ್ನು ಒಂದರಷ್ಟು ಶೇಕಡಾಂಶ ಇಳಿಸಿ. ಸೋಯಾ ಹಿಂಡಿ ಸರಿಯಾಗಿ ಹುರಿದಿದೆಯೇ ಎಂಬುದಕ್ಕೆ ಯೂರಿಯೇಸ್ ಪರೀಕ್ಷೆಯಲ್ಲಿ ಪಿಎಚ್ ಏರಿಕೆ 0.05ರಿಂದ 0.20ರೊಳಗೆ ಇರಬೇಕು, ಹೆಚ್ಚಿದ್ದರೆ ಹಸಿ, ಪ್ರೋಟೀನ್ ಜೀರ್ಣವಾಗದು. ಗೋಧಿ, ಬಾರ್ಲಿ ಹೆಚ್ಚಿದ್ದರೆ ಕ್ಸೈಲನೇಸ್, ಗ್ಲುಕನೇಸ್ ಕಿಣ್ವ ಹಾಕದೆ ಕರುಳಿನ ಅಂಟು ಕಡಿಮೆಯಾಗದು. ಮೀನುಪುಡಿ ಮಿತಿಯಲ್ಲಿರಲಿ.

ಲಿಟರ್‌ನ ತೇವ ಶೇ. 20ರಿಂದ 25ರೊಳಗೆ ಇರಲಿ. ಮುಷ್ಟಿಯಲ್ಲಿ ಹಿಡಿದು ಹಿಸುಕಿ ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿಯೇ ಉಳಿದರೆ ಒದ್ದೆ. ಒದ್ದೆ ಲಿಟರ್‌ನಲ್ಲಿ ಕಾಕ್ಸಿಡಿಯಾ ಬೇಗ ಬಲಿಯುತ್ತದೆ, ಅಮೋನಿಯಾ ಏಳುತ್ತದೆ. ನಿಪ್ಪಲ್ ಸೋರಿಕೆ ನಿಲ್ಲಿಸುವುದು ಎಷ್ಟೋ ಸಲ ಹೊಸ ಸಪ್ಲಿಮೆಂಟ್‌ಗಿಂತ ಹೆಚ್ಚು ಲಾಭ ಕೊಡುತ್ತದೆ.

ಫಲ ಅಳೆಯುವುದು

ಒಂದೇ ಹ್ಯಾಚರಿಯ, ಒಂದೇ ತಾಯಿ ಹಿಂಡಿನ ಮರಿಗಳನ್ನು ಎರಡು ಶೆಡ್‌ಗೆ ಸಮನಾಗಿ ಹಂಚಿ, ಒಂದಕ್ಕೆ ಮಾತ್ರ ಪ್ರೊಬಯಾಟಿಕ್ ಕೊಡಿ. ಮುಂದಿನ ಬ್ಯಾಚ್‌ನಲ್ಲಿ ಶೆಡ್ ಅದಲು ಬದಲು ಮಾಡಿ, ಇಲ್ಲವಾದರೆ ಶೆಡ್‌ನ ಗುಣವನ್ನೇ ಪ್ರೊಬಯಾಟಿಕ್‌ನ ಗುಣವೆಂದು ತಿಳಿಯುವ ಅಪಾಯವಿದೆ. ಕನಿಷ್ಠ ಮೂರು ನಾಲ್ಕು ಬ್ಯಾಚ್ ನೋಡದೆ ತೀರ್ಮಾನ ಬೇಡ. ಹಿಂದಿನ ವರ್ಷದ ಲೆಕ್ಕದೊಂದಿಗೆ ಹೋಲಿಸುವುದರಿಂದ ಏನೂ ತಿಳಿಯದು. ಹವೆ, ಮರಿ, ಕಚ್ಚಾವಸ್ತು ಎಲ್ಲವೂ ಬದಲಾಗಿರುತ್ತವೆ.

ಹೋಲಿಕೆಗೆ ಯುರೋಪಿಯನ್ ಉತ್ಪಾದನಾ ಸೂಚ್ಯಂಕ ಅನುಕೂಲ: ಉಳಿದ ಕೋಳಿಗಳ ಶೇಕಡಾವನ್ನು ಸರಾಸರಿ ತೂಕದಿಂದ ಗುಣಿಸಿ, ದಿನಗಳ ವಯಸ್ಸು ಮತ್ತು ಎಫ್‌ಸಿಆರ್ (ಒಂದು ಕಿಲೋ ತೂಕಕ್ಕೆ ತಿಂದ ಫೀಡ್‌ನ ಕಿಲೋ) ಎರಡರ ಗುಣಲಬ್ಧದಿಂದ ಭಾಗಿಸಿ, 100ರಿಂದ ಗುಣಿಸಿ. 38 ದಿನಕ್ಕೆ ಶೇ. 96 ಉಳಿದು, ತೂಕ 2.20 ಕಿಲೋ, ಎಫ್‌ಸಿಆರ್ 1.60 ಆದರೆ 347. ಪಕ್ಕದ ಶೆಡ್‌ನಲ್ಲಿ ಶೇ. 97, 2.24 ಕಿಲೋ, 1.56 ಬಂದರೆ 367. ಖರ್ಚು ಗಿಟ್ಟಿತೇ ಎಂಬುದಕ್ಕೆ ಇನ್ನೂ ಸರಳ ಲೆಕ್ಕವಿದೆ. ಪ್ರೊಬಯಾಟಿಕ್‌ನಿಂದ ಟನ್ ಫೀಡ್‌ನ ಬೆಲೆ ಶೇ. 1 ಏರಿದ್ದರೆ, 1.60 ಇದ್ದ ಎಫ್‌ಸಿಆರ್ 1.584ಕ್ಕೆ ಇಳಿದಾಗ ಖರ್ಚು ಸರಿಹೋಗುತ್ತದೆ. ಅದಕ್ಕಿಂತ ಕೆಳಗಿಳಿದದ್ದು, ಸಾವು ಕಡಿಮೆಯಾದದ್ದು ಲಾಭ. ಬಹಳ ಸ್ವಚ್ಛವಾದ, ಕೋಳಿ ಒತ್ತೊತ್ತಾಗಿಲ್ಲದ ಶೆಡ್‌ನಲ್ಲಿ ವ್ಯತ್ಯಾಸ ಕಡಿಮೆ ಕಾಣುತ್ತದೆ. ಅದು ಉತ್ಪನ್ನದ ದೋಷವಲ್ಲ, ಅಲ್ಲಿ ತಡೆಯಬೇಕಾದ ಒತ್ತಡವೇ ಕಡಿಮೆ.

ವ್ಯತ್ಯಾಸ ಕಾಣದಿದ್ದಾಗ ಈ ಕ್ರಮದಲ್ಲಿ ಹುಡುಕಿ: ಚೀಲದ ಅವಧಿ ಮತ್ತು ಇಟ್ಟ ಜಾಗದ ಬಿಸಿ, ಗ್ರಾಂ ಲೆಕ್ಕ, ಪೆಲೆಟ್ ನಂತರದ ಎಣಿಕೆ, ನೀರಿನ ಕ್ಲೋರಿನ್, ಫೀಡ್‌ನಲ್ಲಿ ಯಾರೋ ಹಾಕಿದ ಆಂಟಿಬಯೋಟಿಕ್, ಆಮೇಲೆ ಕಾಕ್ಸಿಡಿಯಾ. ಇದಕ್ಕೆಂದೇ ಪ್ರತಿ ಫೀಡ್ ಬ್ಯಾಚ್‌ನಿಂದ ಅರ್ಧ ಕಿಲೋ ಮಾದರಿಯನ್ನು ದಿನಾಂಕ ಬರೆದು, ಗಾಳಿಯಾಡದ ಚೀಲದಲ್ಲಿ, ತಂಪು ಜಾಗದಲ್ಲಿ ಆ ಕೋಳಿಗಳು ಮಾರಾಟವಾಗುವವರೆಗೆ ಇಟ್ಟುಕೊಳ್ಳಿ.